ಬಯೂಮಿ ಮುಚ್ಚಿಟ್ಟ ಬೆಸುಗೆ

"ನೀನಾ...?!"

ಮೆಹಂದಿಗೆ ಸೇರಿದ್ದ ಹೆಂಗಸರ ನಡುವೆ ಮೈಕ್ ಹಿಡಿದು ನಿಂತಿದ್ದ ಇನ್ಸಾಫ್‌ಳ ಬಾಯಿಂದ ಹಾಡಿನ ಬದಲು ಈ ಮಾತು ಹೊರಬಿತ್ತು.

ಸ್ಪೀಕರ್ ಪೆಟ್ಟಿಗೆಯ ಹಿಂದಿನಿಂದ ಎದ್ದವನು ಬಯೂಮಿ. ಒಂದು ಕಾಲದಲ್ಲಿ ಅವಳ ಬೆರಳಿಗೆ ಉಂಗುರ ತೊಡಿಸಿದ್ದವನು. ಆ ಉಂಗುರವನ್ನು ಅವಳು ಅವನ ಮುಖಕ್ಕೆ ಎಸೆದು ಎರಡು ವರ್ಷವಾಗಿತ್ತು.

"ಹಾಡೋಳು ನೀನು ಅಂತ ಗೊತ್ತಿರಲಿಲ್ಲ, ಇನ್ಸಾಫ್..."

"ಗೊತ್ತಿದ್ದಿದ್ರೆ ಮನೆಯಲ್ಲೇ ವೈರ್ ಕತ್ತರಿಸಿಕೊಂಡು ಬರ್ತಿದ್ದೆ, ಅಲ್ವಾ?"

ಬಯೂಮಿ ತಲೆ ತಗ್ಗಿಸಿದ. ಅವತ್ತೂ ಹೀಗೇ ಸುಮ್ಮನೆ ನಿಂತಿದ್ದ!

ಅವತ್ತು ಇನ್ಸಾಫ್‌ಳ ಓಣಿಯಲ್ಲೇ ಯಾರದೋ ಮದುವೆ. ಹಾಸಿಗೆ ಹಿಡಿದಿದ್ದ ಅವಳ ಅಮ್ಮ, ಮೇಲಿನ ಕಿಟಕಿಯ ಬಳಿ ಮಲಗಿ, "ನನ್ನ ಹಾಡು ಹಾಡೇ, ಇಲ್ಲಿಂದಲೇ ಕೇಳ್ತೀನಿ" ಅಂದಿದ್ದಳು. ಮೊದಲ ಸಾಲು ಮುಗಿಯುವಷ್ಟರಲ್ಲಿ ಬಯೂಮಿ ಹಾಕಿದ್ದ ಸ್ಪೀಕರ್ ಸತ್ತುಹೋಯ್ತು. ಅವತ್ತೇ ಅಮ್ಮನ ಪ್ರಜ್ಞೆ ತಪ್ಪಿತು, ಅದೇ ವಾರ ಹೋಗಿಬಿಟ್ಟಳು. ಹಾಡು ಕೇಳದೆಯೇ...

ಮದುವೆಯಾದ ಮೇಲೆ ಸೊಸೆ ಹಾಡಬಾರದು ಅಂತ ಬಯೂಮಿಯ ತಾಯಿ ಹಟ ಹಿಡಿದಿದ್ದ ಕಾಲ ಅದು. ತಾಯಿಯ ಮಾತು ಕೇಳಿ ಅವನೇ ಬೇಕಂತ ಸ್ಪೀಕರ್ ನಿಲ್ಲಿಸಿದ ಅಂತ ಇನ್ಸಾಫ್ ಊರೆಲ್ಲ ಸಾರಿದಳು. ಅವನು ಇಲ್ಲ ಅನ್ನಲೇ ಇಲ್ಲ.

ಈಗ ಹಲ್ಲು ಕಚ್ಚಿ ಹಾಡಲು ಶುರು ಮಾಡಿದಳು. ಎಡಗಡೆಯ ಸ್ಪೀಕರ್ ಕರಕರ ಅಂದು ನಿಂತೇಹೋಯ್ತು.

"ಏನಪ್ಪಾ ಮೇಸ್ತ್ರಿ, ಉಸ್ತಾ ಬಯೂಮಿ!" ಮದುಮಗಳ ತಾಯಿ ಕೂಗಿದಳು. "ನಮಗೆ ಹಾಡು ಕೇಳಿಸ್ತೀಯೋ, ಮೀನು ಹುರಿಯೋ ಸದ್ದು ಕೇಳಿಸ್ತೀಯೋ?"

ಹೆಂಗಸರು ಗೊಳ್ಳೆಂದರು. ಇನ್ಸಾಫ್ ನಗಲಿಲ್ಲ. ದಡದಡನೆ ಅವನ ಬಳಿ ಹೋದಳು.

"ಈ ಸಲ ನನ್ನ ಕಣ್ಣೆದುರಿಗೇ ಹುಡುಕು. ಏನಾಗಿದೆ ಅಂತ ನಾನೂ ನೋಡ್ತೀನಿ!"

ಅವನು ಆಂಪ್ಲಿಫೈಯರ್ ಆರಿಸಿ, ಎಡಗಡೆಯ ವೈರನ್ನು ಬಲಗಡೆಯ ಸ್ಪೀಕರಿಗೂ, ಬಲಗಡೆಯದನ್ನು ಎಡಕ್ಕೂ ಚುಚ್ಚಿದ. ಮತ್ತೆ ಹಾಕಿದಾಗ ಎಡಗಡೆಯದು ಚೆನ್ನಾಗಿ ನುಡಿಯಿತು, ಬಲಗಡೆಯದು ಮೂಕವಾಯ್ತು.

"ಸ್ಪೀಕರ್ ಸರಿಯಿದೆ. ವೈರಿನದೇ ತೊಂದರೆ. ಬೇರೆ ಹಾಕ್ತೀನಿ, ನೀನು ಹೋಗು."

ಆ ಅವಸರ ಅವಳಿಗೆ ಹಿಡಿಸಲಿಲ್ಲ. ವೈರ್ ಕಿತ್ತುಕೊಂಡು, ಅವನ ಸ್ಕ್ರೂಡ್ರೈವರ್ ಎತ್ತಿಕೊಂಡಳು.

"ಬೇಡ ಇನ್ಸಾಫ್... ದಮ್ಮಯ್ಯ, ಬಿಚ್ಚಬೇಡ!"

ಅವಳು ಪ್ಲಗ್ ಬಿಚ್ಚಿದಳು. ಒಳಗೆ ತಂತಿಯ ತುದಿ ಸ್ಕ್ರೂ ಕೆಳಗೆ ಅಲುಗಾಡುತ್ತಿತ್ತು. ತುದಿಗೆ ನುಣ್ಣಗೆ, ನೀಟಾಗಿ ಹಾಕಿದ ಬೆಸುಗೆ...

ನಿಶ್ಚಿತಾರ್ಥವಾದ ಹೊಸದರಲ್ಲಿ, ಅವನ ಮೈಕ್‌ಸೆಟ್ ಅಂಗಡಿಯಲ್ಲಿ ಕೂತು, 'ತಂತಿ ಕೆದರಬಾರದು' ಅಂತ ಎಲ್ಲ ವೈರ್ ತುದಿಗಳಿಗೂ ಅವಳೇ ಬೆಸುಗೆ ಹಾಕಿದ್ದಳು. ಅವನಿಗೆ ಹೇಳದೆ, ಆಶ್ಚರ್ಯಪಡಲಿ ಅಂತ!

"ಬೆಸುಗೆ ಹಾಕಿದ್ರೆ ಸಡಿಲ ಆಗುತ್ತಾ?" ಅವಳು ಕೇಳಿದಳು.

"ಸ್ಕ್ರೂ ಒತ್ತಿ ಒತ್ತಿ ಅದು ಮೆಲ್ಲಗೆ ಚಪ್ಪಟೆಯಾಗುತ್ತೆ. ಹಿಡಿತ ತಪ್ಪುತ್ತೆ. ಆಮೇಲೆ ಬೆಸುಗೆ ಎಲ್ಲ ಕತ್ತರಿಸಿ ಬರೀ ತಂತಿ ಕಟ್ಟಿದ್ದೆ. ಇದೊಂದು ವೈರ್ ತಮ್ಮನ ಮನೆಯಲ್ಲಿ ಉಳಿದಿತ್ತು, ನಿನ್ನೆ ತಂದುಕೊಟ್ಟ. ನೋಡದೆ ಹಾಕಿಬಿಟ್ಟೆ..."

"ಅವತ್ತೇ ಗೊತ್ತಿತ್ತಾ ನಿನಗೆ?"

"ಸಂಜೆ ಬಿಚ್ಚಿದಾಗ ಗೊತ್ತಾಯ್ತು. ಇಷ್ಟು ನೀಟಾಗಿ ನೀನಲ್ಲದೆ ಇನ್ಯಾರು ಬೆಸುಗೆ ಹಾಕ್ತಾರೆ? ಹೇಳೋಣ ಅಂತ ಬಂದೆ. ನೀನು ಅಮ್ಮನ ಕಾಲ ಹತ್ರ ಕೂತಿದ್ದೆ. 'ನಿನ್ನ ಕೈಯಿಂದಲೇ ಆಗಿದ್ದು' ಅಂತ ಹೇಗೆ ಹೇಳಲಿ? ನನ್ನನ್ನೇ ಶಪಿಸಲಿ ಅಂದುಕೊಂಡೆ."

ಅವಳು ಕುಸಿದು ಕೂತಳು. ಅಳು ಕರುಳಿನಿಂದ ಎದ್ದು ಬಂತು.

"ದೊಡ್ಡ ಉಪಕಾರ ಮಾಡಿದೆ ಕಣೋ! ಅಮ್ಮನೂ ಹೋದಳು, ನೀನೂ ಹೋದೆ. ಅಳೋಕೆ ಒಂದು ಹೆಗಲೂ ಬಿಡಲಿಲ್ಲ ನೀನು. ಒಬ್ಬಳೇ ಸತ್ತು ಸತ್ತು ಬದುಕಿದೆ..."

ಬಯೂಮಿ ಇಷ್ಟು ದಿನ ಅವಳನ್ನು ಕಾಪಾಡಿದೆ ಅಂದುಕೊಂಡಿದ್ದ. ಈಗ ಅವನ ಕಣ್ಣೂ ತುಂಬಿತು.

"ತಪ್ಪಾಯ್ತು, ಇನ್ಸಾಫ್."

ಅವಳು ಸೆರಗಿನಂಚಿನಿಂದ ಮುಖ ಒರೆಸಿಕೊಂಡಳು.

"ಮದುವೆ... ಆಯ್ತಾ ನಿನಗೆ?"

"ಹೆಣ್ಣು ಯಾರು ಕೊಡ್ತಾರೆ? ನೀನು ಊರೆಲ್ಲ ಸಾರಿದ್ದೆಯಲ್ಲ! ಕೊಟ್ಟಿದ್ರೂ... ನನಗೆ ಬೇಕಿರಲಿಲ್ಲ."

"ನಿನ್ನ ತಾಯಿ? ನಾನು ಹಾಡೋದು ಬಿಡಲ್ಲ."

"ನೀನು ಹಾಡೋದು ಬಿಡೋದಾದ್ರೆ ಮದುವೆಗೆ ನಾನೇ ಒಪ್ಪಲ್ಲ. ನನ್ನ ತಾಯಿಗೂ ಹೇಳಿದ್ದೀನಿ."

ಅವಳು ಪ್ಲಗ್ಗನ್ನು ಅವನ ಕೈಗಿಟ್ಟಳು.

"ನಾಳೆ ನಮ್ಮಪ್ಪನ ಹತ್ರ ಹೆಣ್ಣು ಕೇಳೋಕೆ ಬಾ."

"ನನ್ನ ಮುಖ ನೋಡಿ ಬಾಗಿಲು ಹಾಕ್ಕೊಂಡ್ರೆ?"

"ಒಳಗೆ ನಾನಿರ್ತೀನಲ್ಲ... ತೆಗೀತೀನಿ."