ನೀಲವ್ವನ ಮುಖ

“ಏನು ಬೇಕಾದ್ರೂ ಫೋಟೋ ತೆಗಿ ಮಾರಾಯ, ಹೆಣದ ಮುಖದ್ದು ಮಾತ್ರ ಬೇಡ,” ಎಂದು ಚೆನ್ನಯ ಹೇಳಿದಾಗ ಮನೀಶ ನಕ್ಕುಬಿಟ್ಟ.

ಮುಂಬೈ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ, ಸ್ಮಶಾನದ ಕಡೆ ತಿರುಗುವ ರಸ್ತೆಯ ಮೂಲೆಯಲ್ಲಿ ಚೆನ್ನಯನ ಅಂಗಡಿ. ಕಾರ್ಕಳದ ಕಡೆಯಿಂದ ಬಂದ ಅವನು ಮೂವತ್ತು ವರ್ಷಗಳಿಂದ ಸತ್ತವರನ್ನು ಕಳುಹಿಸಿಕೊಡುವ ಕೆಲಸ ಮಾಡುತ್ತಿದ್ದ. ಗೋಡೆಗೆ ಒರಗಿಸಿಟ್ಟ ಹಸಿ ಬಿದಿರು, ಒಂದರೊಳಗೊಂದು ಕೂರಿಸಿದ ಮಡಕೆಗಳು, ಹಿಂದಿನ ಕೋಣೆಯಲ್ಲಿ ಸದಾ ಗುಂಯ್‌ಗುಡುವ ಐಸ್ ಪೆಟ್ಟಿಗೆ. ಬಿದಿರಿನ ವಾಸನೆ, ಕರ್ಪೂರದ ವಾಸನೆ, ಕಾರ್ಖಾನೆಗಳ ಕಡೆಯಿಂದ ತೇಲಿಬರುವ ಕೊಳೆತ ಮೊಟ್ಟೆಯಂಥ ವಾಸನೆ ಎಲ್ಲ ಕಲಸಿಹೋಗಿ ಅಲ್ಲಿ ಉಸಿರೇ ಭಾರವಾಗುತ್ತಿತ್ತು. ಈಗೀಗ ಮನೆಯಲ್ಲಿ ಸಾವಾದರೆ ಜನ ಮೊದಲು ಹುಡುಕುವುದು ಮೊಬೈಲಿನಲ್ಲಿ. ಪಕ್ಕದ ಠಾಣೆ ಶಹರದ ಹೊಸ ಶವಸಂಸ್ಕಾರ ಕಂಪನಿಗಳು ಹಾಗೆ ಮುಂದೆ ಹೋಗಿದ್ದವು. ಅದಕ್ಕೇ ಚೆನ್ನಯ ಊರಿನ ಪರಿಚಯ ಹಿಡಿದು ಮನೀಶನನ್ನು ಕರೆಸಿದ್ದ. ಮಂಗಳೂರಿನಿಂದ ಬಂದು ಎಂಟು ತಿಂಗಳಾಗಿದ್ದ ಮನೀಶ ಠಾಣೆಯ ಜಾಹೀರಾತು ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ಅಂಗಡಿಗಳಿಗೆ ವೆಬ್‌ಸೈಟುಗಳನ್ನು ಕಟ್ಟಿ ಜನರ ಕಣ್ಣಿಗೆ ಬೀಳಿಸುವುದೇ ಅವನ ಕಸುಬು.

ಹೂವು, ದೀಪ, ಮುಗಿದ ಕೈಗಳ ಚಿತ್ರಗಳು ಎಲ್ಲರ ಬಳಿಯೂ ಇವೆ, ನಿಜವಾದ ಮುಖವೊಂದು ಬೇಕು ಎಂಬುದು ಮನೀಶನ ವಾದ. ಚೆನ್ನಯ ಒಪ್ಪಲಿಲ್ಲ. ಹೋಗುವ ಮುಖವನ್ನು ಮನೆಯವರು ಕೊನೆಗೊಮ್ಮೆ ನೋಡಿ ಬಿಟ್ಟುಕೊಡಬೇಕು, ಹಿಡಿದಿಟ್ಟರೆ ಅದು ಹೋಗುವುದಿಲ್ಲ ಎಂದ. ಹೆಣ ಸುಡುವವನಿಗೇ ಇಷ್ಟು ಹೆದರಿಕೆಯೇ ಎಂದು ಮನೀಶ ಅವನೆದುರೇ ಗೇಲಿ ಮಾಡಿದ.

ಆ ವಾರವೇ ನೀಲವ್ವನ ಹೆಣ ಬಂತು. ಹತ್ತೊಂಬತ್ತರ ಹುಡುಗಿ. ಶೀಳ್ ರಸ್ತೆಯಲ್ಲಿ ಏಳುತ್ತಿದ್ದ ಕಟ್ಟಡವೊಂದರಲ್ಲಿ ತಾಯಿಯ ಜೊತೆ ಗಾರೆ ಹೊರುತ್ತಿದ್ದವಳು ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಿದ್ದಳು. ತಾಯಿ ಸಾಬವ್ವ ವಿಜಯಪುರದ ಕಡೆಯವಳು. ಅವಳು ಅಳಲಿಲ್ಲ. ಜೊತೆಗೆ ಬಂದ ಕೂಲಿಯವರು ಅವಳಿಂದ ಎರಡು ಮಾರು ದೂರವೇ ನಿಂತಿದ್ದರು. ಆ ಮನೆತನದ ಹೆಂಗಸರು ಮಾಟ ಬಲ್ಲವರು, ಅವರ ಬಾಯಿಗೆ ಬೀಳಬಾರದು ಎಂದು ಅವರಲ್ಲೊಬ್ಬ ಚೆನ್ನಯನ ಕಿವಿಯಲ್ಲಿ ಉಸುರಿದ.

ಸಾಬವ್ವ ಮಗಳ ಮುಖದ ಬಟ್ಟೆ ಸರಿಸಿ ಅರಿಶಿನ ಹಚ್ಚಿದಳು. ಅವಳು ನೀರಿಗೆಂದು ಎದ್ದುಹೋದ ಗಳಿಗೆಯಲ್ಲಿ ಮನೀಶ ಕ್ಯಾಮೆರಾ ಎತ್ತಿದ. ಮೂಗಿನ ಹೊಳ್ಳೆಗಳಲ್ಲಿ ಹತ್ತಿ. ಗಲ್ಲದ ಮೇಲೆ ಮೂರು ಹಸಿರು ಹಚ್ಚೆಯ ಚುಕ್ಕಿ. ಎಡಗಣ್ಣು ಪೂರ್ತಿ ಮುಚ್ಚಿರಲಿಲ್ಲ. ಕಿಟಕಿಯ ಬೆಳಕು ಆ ಕೆನ್ನೆಯ ಮೇಲೆ ಬಿದ್ದ ರೀತಿ ಅವನಿಗೆ ಬಹಳ ಹಿಡಿಸಿತು.

ಮರುದಿನ ಆ ಮುಖ ವೆಬ್‌ಸೈಟಿನ ಮೊದಲ ಪುಟದಲ್ಲಿತ್ತು. ಕೆಳಗೆ, ‘ನಿಮ್ಮವರನ್ನು ನಮ್ಮವರಂತೆ ಕಳುಹಿಸಿಕೊಡುತ್ತೇವೆ’ ಎಂಬ ಸಾಲು ಮರಾಠಿ, ಹಿಂದಿ, ಕನ್ನಡ ಮೂರರಲ್ಲೂ. ಚೆನ್ನಯನಿಗೆ ಮನೀಶ ತಿಳಿಸಲಿಲ್ಲ. ಕಲ್ಯಾಣದಿಂದ, ಅಂಬರನಾಥದಿಂದ, ಮಾಜಿವಾಡಾದಿಂದ ಕರೆಗಳು ಬರತೊಡಗಿದವು. ಜನ ಆ ಚಿತ್ರವನ್ನು ಒಬ್ಬರಿಂದೊಬ್ಬರಿಗೆ ಕಳಿಸಿದರು. ಸುತ್ತಿ ಸುತ್ತಿ ಅದು ಶೀಳ್ ರಸ್ತೆಯ ಮೇಸ್ತ್ರಿಯ ಮೊಬೈಲಿಗೂ ಬಂತು.

ಒಂದು ಮಧ್ಯಾಹ್ನ ಸಾಬವ್ವ ಅಂಗಡಿಯ ಹೊಸ್ತಿಲಲ್ಲಿ ನಿಂತಳು. ಕೈಕಾಲಿನ ತುಂಬ ಸಿಮೆಂಟಿನ ಬೂದು.

“ತಮ್ಮಾ, ನನ್ನ ಮಗಳ ಮುಖ ತಗದ ಹಾಕು. ಮಂದಿ ನೋಡಾಕ್ಹತ್ತ್ಯಾರ.”

ಚೆನ್ನಯ ಬೆಚ್ಚಿ, ಏನು ಮುಖ ಎಂದು ಕೇಳಿದ. ತನ್ನ ಅಂಗಡಿಯ ಪುಟವನ್ನು ಅವನು ಮೊದಲ ಸಲ ತೆರೆದು ನೋಡಿದ್ದು ಆಗಲೇ. ಈಗಲೇ ತೆಗೆ ಎಂದು ಮನೀಶನನ್ನು ಗದರಿದ. ಮನೀಶ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. ಸತ್ತವಳಿಗೆ ಎಂಥ ನಾಚಿಕೆ, ಬದುಕಿದ್ದಾಗ ಯಾರೂ ನೋಡದ ಮುಖವನ್ನು ಈಗ ಮುಂಬೈಯೇ ನೋಡುತ್ತಿದೆಯಲ್ಲ ಎಂದ. ಬೇಕಾದರೆ ಮುಂದಿನ ವಾರ ನೋಡೋಣ ಎಂದೂ ಸೇರಿಸಿದ.

ಸಾಬವ್ವ ಒಳಗೆ ಬಂದಳು. ಸೆರಗಿನ ಗಂಟು ಬಿಚ್ಚಿದಳು. ಅದರೊಳಗೆ ಸೂಜಿ ಚುಚ್ಚಿದ ಒಣ ನಿಂಬೆಹಣ್ಣು, ಹಳದಿಗಟ್ಟಿದ ಹತ್ತಿಯ ಎರಡು ಎಸಳು, ಒಂದು ಹಿಡಿ ಬೂದಿ. ನಿಂಬೆಯನ್ನು ಅವನ ಮುಂದಿನ ಮೇಜಿನ ಮೇಲೆ ಅಂಗೈಯಿಂದ ಅರೆದಳು. ರಸದ ಬದಲು ಕಪ್ಪನೆಯದೇನೋ ಒಸರಿತು. ಬೂದಿಗೆ ಅದರ ಒಂದು ಹನಿ ಸೋಕಿಸಿ ಅಂಗೈಯಲ್ಲಿ ಹಿಡಿದಳು. ಮನೀಶ ಎದ್ದು ನಿಂತ. ಅವಳು ಅವನ ಎರಡೂ ಕಣ್ಣಿಗೆ ಊದಿದಳು.

“ಹಂಗಾರ ನೀನೂ ನೋಡು,” ಎಂದಳು. “ಕಣ್ತುಂಬ ನೋಡು.”

ಉರಿ ಸಂಜೆಯವರೆಗೂ ಇತ್ತು. ಮೂಢ ಹೆಂಗಸು ಎಂದು ಬೈಯುತ್ತ ಅವನು ಹತ್ತು ಸಲ ಕಣ್ಣು ತೊಳೆದ. ಬೆಳಿಗ್ಗೆ ಎಲ್ಲ ಸರಿಯಾಗಿತ್ತು. ಎಂದಿನಂತೆ ಠಾಣೆಯ ಲೋಕಲ್ ರೈಲು ಹಿಡಿದ. ಕಾಲಿಡಲು ಜಾಗವಿಲ್ಲದ ಡಬ್ಬಿ, ಬೆವರು, ಒದ್ದೆ ಅಂಗಿಗಳು. ಮುಂಬ್ರಾ ದಾಟುವಾಗ ಹಸಿ ಅರಿಶಿನದ ವಾಸನೆ ಬಂತು. ಎದುರಿನ ಗಂಡಸು ಮುಖದ ಮುಂದಿದ್ದ ಪೇಪರನ್ನು ಇಳಿಸಿದ.

ಮೀಸೆ ಇರಬೇಕಾದ ಕಡೆ ಅರಿಶಿನ. ಹೊಳ್ಳೆಗಳಲ್ಲಿ ಹತ್ತಿ. ಗಲ್ಲದಲ್ಲಿ ಮೂರು ಹಸಿರು ಚುಕ್ಕಿ. ಅರೆ ತೆರೆದ ಎಡಗಣ್ಣು.

ಮನೀಶ ತಲೆ ತಿರುಗಿಸಿದ. ಪಕ್ಕದವನಿಗೂ ಅದೇ ಮುಖ. ಅವನ ಹಿಂದಿನವನಿಗೂ. ಬಾಗಿಲಲ್ಲಿ ಜೋತುಬಿದ್ದವರು ಒಬ್ಬೊಬ್ಬರಾಗಿ ತಿರುಗಿದರು. ಎಲ್ಲ ಕೊರಳುಗಳ ಮೇಲೂ ನೀಲವ್ವ. “ದಾದಾ, ಉತರ್ನಾ ಹೈ ಕ್ಯಾ?” ಇಳಿಯುವುದಿದೆಯೇ ಎನ್ನುವ ಗಂಡಸಿನ ದನಿ ಕಿವಿಯ ಹತ್ತಿರವೇ ಕೇಳಿತು. ದನಿ ಬಂದ ಮುಖದ ತುಟಿ ಅಲುಗಲಿಲ್ಲ. ಸತ್ತ ತುಟಿ ಅದು. ಅವನು ಕಿರುಚಿದ. ನೂರು ಮುಖಗಳು ಒಟ್ಟಿಗೆ ಅವನತ್ತ ತಿರುಗಿದವು.

ಅಂದೇ ಅವನು ಚಿತ್ರವನ್ನು ಕಿತ್ತುಹಾಕಿದ. ಅದರಿಂದ ಏನೂ ಆಗಲಿಲ್ಲ. ಪನ್ವೇಲಿನ ಯಾವನೋ ಅದನ್ನು ಕದ್ದು ತನ್ನ ಪುಟಕ್ಕೆ ಹಾಕಿಕೊಂಡಿದ್ದ. ಕಲ್ಯಾಣದ ಇನ್ನೊಬ್ಬ ಕರಪತ್ರಕ್ಕೇ ಅಚ್ಚು ಹಾಕಿಸಿದ್ದ. ಮನೀಶ ಒಬ್ಬೊಬ್ಬರಿಗೂ ಕರೆ ಮಾಡಿ ಅಂಗಲಾಚಿದ, ಬೈದ, ಬೈಸಿಕೊಂಡ. ಹತ್ತು ಕಡೆ ಅಳಿಸಿದರೆ ಇಪ್ಪತ್ತು ಕಡೆ ಎದ್ದಿತು. ಕೆಲಸಕ್ಕೆ ಹೋಗುವುದು ನಿಂತಿತು. ನಾಲ್ಕನೆಯ ದಿನ ಹೆಂಡತಿ ನಿಶ್ಮಿತಾ ಚಹಾದ ಲೋಟ ಹಿಡಿದು ಹತ್ತಿರ ಬಂದಾಗ ಅವನು ಗೋಡೆಗೆ ಒತ್ತಿಕೊಂಡ. ಅವಳ ಕುಂಕುಮ, ಅವಳ ಸರ, ಅವಳ ದನಿ. ನಡುವೆ ಆ ಹತ್ತಿ. ಆಮೇಲೆ ಅವಳು ಮಾತನಾಡಿಸಿದಾಗೆಲ್ಲ ಅವನು ನೆಲ ನೋಡಿದ. ಏನಾಯಿತೆಂದು ಅವಳು ಅತ್ತರೂ ತಲೆ ಎತ್ತಲಿಲ್ಲ.

ಉಳಿದದ್ದು ಮಗಳ ಮುಖವೊಂದೇ. ಏಳು ವರ್ಷದ ಪ್ರೇಕ್ಷಾ. ಮುಂದಿನ ಹಲ್ಲು ಬಿದ್ದು ನಗುವಾಗ ನಾಲಗೆ ಇಣುಕುತ್ತಿತ್ತು. ಇಡೀ ದಿನ ಅವಳನ್ನೇ ನೋಡುತ್ತ ಕೂತಿರುತ್ತಿದ್ದ. ಮುಳುಗುವವನು ಹಲಗೆ ಹಿಡಿದ ಹಾಗೆ.

ಭಾನುವಾರ ಅವಳಿಗೆ ಜಡೆ ಹಾಕುತ್ತಿದ್ದ. ಕೂದಲಿಗೆ ಎಣ್ಣೆಯ ವಾಸನೆಯಿತ್ತು. ಆಮೇಲೆ ಅರಿಶಿನದ ವಾಸನೆ ಬಂತು. ಬಾಚಣಿಗೆ ನಿಂತಿತು. “ಪಪ್ಪಾ, ಏನಾಯ್ತು?” ಎಂದು ಮಗು ತಿರುಗಿತು.

ಅವನು ಬಾಚಣಿಗೆ ಎಸೆದು ಓಡಿದ. ಬರಿಗಾಲಿನಲ್ಲಿ. ಶೀಳ್ ರಸ್ತೆಯ ಕಟ್ಟಡಕ್ಕೆ ಬಿಡಲು ಹೇಳಿ, ಕಣ್ಣು ಮುಚ್ಚಿ ರಿಕ್ಷಾದಲ್ಲಿ ಕೂತ.

ಸಾಬವ್ವನ ತಗಡಿನ ಗುಡಿಸಲಿನೊಳಗೆ ನಡುಹಗಲಲ್ಲೂ ಕತ್ತಲು. ಮೇಲೆ ತಗಡು ಕಾದು ಚಟಚಟ ಎನ್ನುತ್ತಿತ್ತು. ಒಲೆಯ ಹೊಗೆ, ಒಣಗಿದ ಬೇವು, ಸುಣ್ಣದ ಘಾಟು. ಅವನು ಅವಳ ಕಾಲು ಹಿಡಿದ. ತನ್ನ ಮಗಳನ್ನು ಬಿಟ್ಟುಬಿಡು, ಬೇಕಾದರೆ ಕಣ್ಣೇ ಕಿತ್ತುಕೋ ಎಂದು ಬೇಡಿಕೊಂಡ. ಅವಳು ಒಲೆಯ ಬೆಂಕಿ ಕೆದಕಿದಳು.

“ಆಕಿ ನಕ್ಕರ ಹೆಂಗ ಕಾಣತಿದ್ಲು ಅನ್ನೂದು ನನಗ ನೆಪ್ಪಾಗವಲ್ದು,” ಎಂದಳು ಕೊನೆಗೆ. “ಎಲ್ಲಾರೂ ಬಂದು ಅದನ್ನ ತೋರಿಸ್ತಾರ. ಕಣ್ಣು ಮುಚ್ಚಿದ್ರೂ ಅದೇ. ಮನ್ಯಾಗ ಆಕೀದು ಬ್ಯಾರೆ ಫೋಟೋನ ಇಲ್ಲ.”

ಮನೀಶ ಹಿಡಿದಿದ್ದ ಕಾಲನ್ನು ಬಿಟ್ಟ.

ಕಣ್ಣಿಗೆ ಹೊಕ್ಕದ್ದನ್ನು ಹಿಂದಕ್ಕೆ ಎಳೆಯಬಲ್ಲೆ, ಆದರೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ, ಒಂದು ಮುಖವನ್ನು ಕಿತ್ತುಕೊಂಡೇ ಬರುತ್ತದೆ ಎಂದು ಸಾಬವ್ವ ಹೇಳಿದಳು. ಯಾವ ಮುಖ ಎಂದು ಅವನು ಕೇಳಿದ. ಅದು ತನ್ನ ಕೈಯಲ್ಲಿಲ್ಲ ಎಂದಳು. ಅವನು ತಲೆಯಾಡಿಸಿ ಒಪ್ಪಿದ.

ಅವಳು ಅವನನ್ನು ನೆಲಕ್ಕೆ ಅಂಗಾತ ಮಲಗಿಸಿ ರೆಪ್ಪೆಗಳನ್ನು ಹೆಬ್ಬೆರಳಿನಿಂದ ಅಗಲಿಸಿದಳು. ಬೇವಿನ ನೀರು ಬಿತ್ತು. ಉರಿ. ಮತ್ತೆ ನೀರು. ಅವಳ ಬಾಯಲ್ಲಿ ಮಂತ್ರ, ಇಲ್ಲ, ಜೋಗುಳ. ಮೂಗಿಗೆ ಏನೋ ತುರುಕಿದಂತಾಯಿತು. ಹತ್ತಿ. ಉಸಿರಿಲ್ಲ. ಕಾಲು ಬಡಿದ. ಎದೆಯ ಮೇಲೆ ಯಾರೋ ಕೂತಿದ್ದರು. ಹಗುರದವರು. ಹತ್ತೊಂಬತ್ತು ವರ್ಷದವರು. ತಣ್ಣನೆಯ ಕೈಯೊಂದು ಅವನ ಕಣ್ಣೊಳಗೆ ಇಳಿಯಿತು. ತಡಕಾಡಿತು. ಹಿಡಿಯಿತು. ಎಳೆಯಿತು.

ಎಚ್ಚರವಾದಾಗ ಎದುರಿಗೆ ಸಾಬವ್ವನ ಸುಕ್ಕುಗಟ್ಟಿದ ಮುಖವಿತ್ತು. ಅವಳದೇ ಮುಖ. ಹೊರಗೆ ಮೇಸ್ತ್ರಿ, ಗಾರೆ ಕಲಸುವವರು, ರಿಕ್ಷಾದವನು. ಎಲ್ಲರಿಗೂ ಅವರವರ ಮುಖ. ಮನೀಶ ರಿಕ್ಷಾದವನ ಹುಳುಕು ಹಲ್ಲುಗಳನ್ನು ನೋಡಿ ಅತ್ತುಬಿಟ್ಟ. ಮನೆಯ ಬಾಗಿಲು ತೆರೆದವಳು ನಿಶ್ಮಿತಾ, ಅತ್ತು ಕಣ್ಣು ಊದಿಸಿಕೊಂಡ ನಿಶ್ಮಿತಾಳೇ. ಅವಳನ್ನು ಅಪ್ಪಿಕೊಂಡ. ಅವಳ ಹಿಂದೆ ಯಾವುದೋ ಮಗು ನಿಂತಿತ್ತು. ಪಕ್ಕದ ಮನೆಯದಿರಬೇಕು ಎಂದುಕೊಂಡ.

“ಪ್ರೇಕ್ಷಾ ಎಲ್ಲಿ?” ಎಂದು ಕೇಳಿದ.

ನಿಶ್ಮಿತಾ ತಿರುಗಿ ಆ ಮಗುವನ್ನು ನೋಡಿದಳು. ಮಗು ಅಳತೊಡಗಿತು. ಅಳು ಮಾತ್ರ ಅವನಿಗೆ ಗೊತ್ತಿದ್ದ ಅಳು.

ಮಗಳ ಕಣ್ಣು, ಮೂಗು, ಬಾಯಿ ಎಲ್ಲ ಕಾಣುತ್ತವೆ, ಆದರೆ ಅವು ಸೇರಿ ಒಂದು ಮುಖವಾಗುವುದಿಲ್ಲ. ರೆಪ್ಪೆ ಬಡಿಯುವುದರೊಳಗೆ ಕೈಜಾರಿ ಹೋಗುತ್ತದೆ. ಹಳೆಯ ಫೋಟೋಗಳಲ್ಲೂ ಅಷ್ಟೇ. ನಗುವಾಗ ಹೇಗಿದ್ದಳು ಎಂಬುದೂ ಈಗ ನೆನಪಿಲ್ಲ. ವೈದ್ಯರು ಅದಕ್ಕೊಂದು ಹೆಸರು ಹೇಳಿದರು. ಒಬ್ಬಳ ಮುಖ ಮಾತ್ರ ಏಕೆ ಎಂಬುದನ್ನು ಹೇಳಲಾಗಲಿಲ್ಲ.

ಮಧ್ಯಾಹ್ನ ಮಗಳನ್ನು ಕರೆತರಲು ಮನೀಶನೇ ಶಾಲೆಗೆ ಹೋಗುತ್ತಾನೆ. ಗಂಟೆ ಹೊಡೆಯುತ್ತದೆ. ಒಂದೇ ಸಮವಸ್ತ್ರ ತೊಟ್ಟ ನೂರಾರು ಮಕ್ಕಳು ಗೇಟಿನಿಂದ ಹೊರಗೆ ಸುರಿಯುತ್ತವೆ. ಉಳಿದ ಅಪ್ಪಂದಿರು ಹೆಸರು ಕೂಗುತ್ತಾರೆ, ಕೈ ಬೀಸುತ್ತಾರೆ. ಅವನು ಕೂಗುವುದಿಲ್ಲ. ಕೈಯನ್ನು ಸ್ವಲ್ಪ ಮುಂದೆ ಚಾಚಿ ನಿಲ್ಲುತ್ತಾನೆ, ಯಾವುದಾದರೂ ಮಗು ಬಂದು ಹಿಡಿದುಕೊಳ್ಳಲಿ ಎಂದು.