ಕರೆದರೆ ಓಗೊಡುವ ಅಲೆ

"ಸೋಪು ಹಚ್ಕೊಂಡು ಸ್ನಾನ ಮಾಡಿದ್ಯಾ?"

ಹಬೆಯೊಳಗಿಂದ ಬಂದ ಎತ್ತರದ ಹುಡುಗ ಗಕ್ಕನೆ ನಿಂತ. ಮೇಲೆ ಹಿಮ ಬೀಳ್ತಿದೆ, ಕೆಳಗೆ ಈಜುಕೊಳದ ನೀರು ಹೊಗೆಯಾಡ್ತಿದೆ... ನಡುವೆ ಸೀಟಿ ಹಿಡ್ಕೊಂಡು ಒಬ್ಬಳು!

"ಮಾಡಿದೀನಿ."

"ಕೂದಲು ಒಣಗಿದೆ. ಸುಳ್ಳು ಬೇಡ. ವಾಪಸ್ ಹೋಗು, ಸ್ನಾನ ಮಾಡಿ ಬಾ."

"ಎಷ್ಟೋ ವರ್ಷದಿಂದ ಇದೇ ಕೊಳಕ್ಕೆ ಬರ್ತಿದೀನಿ. ನೀನ್ಯಾರಮ್ಮ ಕೇಳೋಕೆ?"

"ಹೊಸ ಕಾವಲುಗಾರ್ತಿ. ಅಕುರೇರಿ ಪಟ್ಟಣದಿಂದ ಬಂದಿದೀನಿ." ಅವಳು ನಕ್ಕು ಕೈ ಚಾಚಿದಳು. "ಉನ್ನುರ್."

ಅವನ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯ್ತು!

 ಚಾಚಿದ ಕೈ ಮುಟ್ಟಲೂ ಇಲ್ಲ. ಹೆಗಲಿಗೆ ಟವೆಲ್ ಎಳ್ಕೊಂಡವನೇ ಬರಿಗಾಲಲ್ಲಿ ಹಿಮ ತುಳ್ಕೊಂಡು ಹೊರಟೇಹೋದ.

'ನನ್ನ ಹೆಸರಲ್ಲಿ ಏನಿದೆ ಅಂಥದ್ದು...?'

ಅವಳು ಅವನ ಹೆಜ್ಜೆಗುರುತು ನೋಡ್ತಾ ನಿಂತಳು. ಗೇಟಿನ ತನಕ ಅವನದು. ಅದರ ಪಕ್ಕದಲ್ಲಿ... ಇನ್ನೊಂದು ಜೊತೆ. ಚಿಕ್ಕ ಪಾದ. ಸಮುದ್ರದ ಕಡೆಯಿಂದ ಒಳಗೆ ಬಂದಿತ್ತು.

ಹೊರಗೆ ಹೋಗಿರಲಿಲ್ಲ.

*

ಅವನ ಹೆಸರು ಬ್ರಿನ್ಯಾರ್. ಬಂದರಲ್ಲಿ ದೋಣಿ ಎಂಜಿನ್ ರಿಪೇರಿ ಮಾಡ್ತಾನೆ, ದೋಣಿ ಮಾತ್ರ ಹತ್ತಲ್ಲ. ಮೂರನೇ ದಿನ ತಾನಾಗೇ ಬಂದ. ತಲೆಯಿಂದ ನೀರು ತೊಟ್ಟಿಕ್ತಿತ್ತು, ಕೈಯಲ್ಲಿ ಬಿಸಿ ಬಿಸಿ ಕರಿದ ಕ್ಲೈನಾ ತಿಂಡಿ ತುಂಬಿದ್ದ ಪೊಟ್ಟಣ.

"ಸೋಪು ಹಚ್ಕೊಂಡಿದೀನಿ. ಮೂಸಿ ನೋಡ್ತೀಯಾ, ಸೋಪಮ್ಮ?"

ಉನ್ನುರ್‌ಗೆ ನಗು ತಡೆಯೋಕಾಗಲಿಲ್ಲ!

ಆಮೇಲೆ ದಿನಾ ಬಂದ. ಯಾರೋ ಅಟ್ಟಿಸ್ಕೊಂಡು ಬರ್ತಿರೋ ಥರ ಈಜೋನು, ಆಮೇಲೆ ಅವಳ ಪಕ್ಕ ಕೂತು ಕಾಫಿ ಕುಡಿಯೋನು. ಅವಳ ಕೈ ತಣ್ಣಗಿದ್ರೆ ತನ್ನ ಉಣ್ಣೆ ಕೈಗವಸು ಬಿಚ್ಚಿ ತೊಡಿಸೋನು. ಸೋಪಮ್ಮ, ಸೀಟಿ ರಾಣಿ, ಅಕುರೇರಿ ಮಹಾರಾಣಿ... ಹೀಗೆ ಏನೇನೋ ಕರೆಯೋನು.

ಉನ್ನುರ್ ಅಂತ ಮಾತ್ರ ಇಲ್ಲ. ಒಂದು ಸಲವೂ ಇಲ್ಲ!

ನಮ್ಮ ಈ ಹಿಮದ ನಾಡಲ್ಲಿ ಮೇಷ್ಟ್ರು, ಡಾಕ್ಟ್ರು, ಪಾದ್ರಿ, ಯಾರನ್ನಾದ್ರೂ ಹೆಸರು ಹಿಡಿದೇ ಕರೆಯೋದು. ಹೆಸರು ಕರೀದೇ ಇರೋದಂದ್ರೆ ಮುಖದ ಮೇಲೆ ಬಾಗಿಲು ಹಾಕಿದಂಗೆ. ಹಾಗಿರುವಾಗ... ಬರೀ ಅವನಲ್ಲ, ಈ ಕ್ರಾಕಾವಿಕ್ ಊರಲ್ಲಿ ಒಬ್ಬರೂ ಅವಳ ಹೆಸರು ಕರೆದಿರಲಿಲ್ಲ.

ಬಿಸಿನೀರ ತೊಟ್ಟಿಯಲ್ಲಿ ಕತ್ತಿನ ತನಕ ಮುಳುಗಿ ಕೂತಿದ್ದ ಬಿಲ್ಗ್ಯಾನ ಅವಳು ಕೇಳಿಯೇ ಬಿಟ್ಟಳು. ಬಿಲ್ಗ್ಯಾ ಬೇಕರಿಯವಳು. ಊರ ಸುದ್ದಿಗೆಲ್ಲ ಅವಳೇ ರೇಡಿಯೋ.

"ಬಿಲ್ಗ್ಯಾ, ನಿನ್ನ ಹೆಸರಿಗೆ ಏನರ್ಥ?"

"ಅಲೆ ಕಣೇ! ಎಂಬತ್ತರ ದಶಕದಲ್ಲಿ ಇಲ್ಲಿ ಅದೇ ಫ್ಯಾಷನ್ನು. ಆಲ್ಡಾ ಅಂದ್ರೂ ಅಲೆ, ಬೌರಾ ಅಂದ್ರೂ ಅಲೆ, ಡ್ರೋಪ್ನ್ ಅಂದ್ರೂ ಅಲೆ. ಮೇಷ್ಟ್ರು ಹಾಜರಿ ಕರೆದ್ರೆ ಸಮುದ್ರಾನೇ ಎದ್ದು ಕ್ಲಾಸಿಗೆ ಬಂದಂಗಿರೋದು!"

"ಉನ್ನುರ್ ಅಂದ್ರೂ ಅಲೆ ತಾನೇ? ನಿಮ್ಮ ಕ್ಲಾಸಲ್ಲಿ ಆ ಹೆಸರಿನವಳು ಇರಲಿಲ್ವಾ?"

ಬಿಲ್ಗ್ಯಾಳ ಬಾಯಿ ಮುಚ್ಚಿಹೋಯ್ತು. ಅವಳ ಬಾಯಿ ಮುಚ್ಚಿದ್ದನ್ನ ಊರಲ್ಲಿ ಯಾರೂ ಕಂಡಿರಲಿಲ್ಲ.

"ನೀರು ಯಾಕೋ ಉಪ್ಪುಪ್ಪಾಗಿದೆಯಲ್ಲೇ..." ಅಂದವಳೇ ಎದ್ದುಹೋದಳು.

ಉನ್ನುರ್ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಬೆಟ್ಟದ ಬುಗ್ಗೆಯಿಂದ ಬರೋ ಸಿಹಿನೀರು ಅದು. ಉಪ್ಪಾಗಿತ್ತು...!

*

ಆ ಮಧ್ಯಾಹ್ನ ಉನ್ನುರ್ ಮಲಗಿದಾಗ ಕನಸಲ್ಲಿ ಒಬ್ಬಳು ಬಂದಳು.

ಮಂಚದ ಕಾಲ ಕಡೆ ನಿಂತಿದ್ದಳು. ಮೀನುಗಾರರ ಕಿತ್ತಳೆ ಬಣ್ಣದ ಕೋಟು, ಕೂದಲಲ್ಲಿ ಕಡಲ ಪಾಚಿ. ತುಟಿ ಅಲ್ಲಾಡ್ತು.

"ನನ್ನ ಹೆಸರು..."

ಅಷ್ಟೇ. ಮಿಕ್ಕಿದ್ದು ನೀರಿನ ಸದ್ದು.

ಉನ್ನುರ್ ಕಿಟಾರನೆ ಕಿರುಚಿ ಎದ್ದಳು. ಮಂಚದ ಕೆಳಗೆ ನೆಲ ಒದ್ದೆ!

ಇದನ್ನ ಬಿಲ್ಗ್ಯಾಗೆ ಹೇಳಿದ್ದೇ ತಪ್ಪಾಯ್ತು ನೋಡಿ!

"ಸತ್ತೋರು ಕನಸಲ್ಲಿ ಬಂದು ಹೆಸರು ಕೇಳಿದ್ರಾ? ಅಯ್ಯೋ ಮಳ್ಳಿ, ಹೊಟ್ಟೇಲಿ ಮಗು ಇದೆ ಕಣೇ! ತಮ್ಮ ಹೆಸರು ಮಗೂಗೆ ಇಡಿ ಅಂತ ಬಸುರಿ ಹತ್ರ ತಾನೇ ಅವರು ಬರೋದು? ಎಷ್ಟು ತಿಂಗಳು?"

"ಮಗೂನೂ ಇಲ್ಲ ಏನೂ ಇಲ್ಲ!"

"ಸತ್ತೋರು ಸುಳ್ಳು ಹೇಳ್ತಾರೇನೇ?"

ಸಂಜೆ ಹೊತ್ತಿಗೆ ಊರೆಲ್ಲ ಡಂಗುರ. ಕೊಳದ ಬಾಗಿಲಿಗೆ ಯಾರೋ ಪುಟ್ಟ ಉಣ್ಣೆ ಕಾಲುಚೀಲ ತೂಗುಹಾಕಿದ್ರು. "ಬಕೆಟ್ ಎತ್ತಬೇಡಮ್ಮ" ಅಂತ ಪಾದ್ರಿನೇ ಓಡಿಬಂದ್ರು!

ಬ್ರಿನ್ಯಾರ್ ಬಂದ. ಈಜೋಕಲ್ಲ.

"ಅಭಿನಂದನೆ." ಅವನ ದನಿ ಕಲ್ಲಾಗಿತ್ತು. "ತಂದೆ ಅಕುರೇರಿಯವನಾ? ಒಂದು ಮಾತು ಮೊದಲೇ ಹೇಳಬಹುದಿತ್ತು ನಂಗೆ."

"ನೀನೂ ನಂಬಿದ್ಯಾ...?" ಅವಳ ಕಣ್ಣು ತುಂಬಿತು. "ಒಂದು ದಿನಾನಾದ್ರೂ ನನ್ನ ಹೆಸರು ಕರೆದಿದೀಯಾ ನೀನು? ನಾನೂ ಒಬ್ಬಳು ಮನುಷ್ಯಳು ಅನ್ನೋ ಹಾಗೆ? ಈಗ ಕರಿ. ಒಂದೇ ಸಲ. ಕರೆದ್ರೆ ಇಲ್ಲೇ ಇದ್ದುಬಿಡ್ತೀನಿ, ಇಲ್ಲಾಂದ್ರೆ ನಾಳೆ ಬಸ್ಸಿಗೆ ಅಕುರೇರಿಗೆ ವಾಪಸ್."

ಅವನ ಬಾಯಿ ತೆರೀತು. ಕಣ್ಣು ಸಮುದ್ರದ ಕಡೆ ಹೋಯ್ತು...

ಕರೆಯಲಿಲ್ಲ.

'ಇಷ್ಟೇನಾ ನಾನು ಇವನಿಗೆ?'

*

ಮಾರನೇ ದಿನ ಮಧ್ಯಾಹ್ನವೇ ಕತ್ತಲಾಗ್ತಾ ಬಂದಿತ್ತು. ಉನ್ನುರ್ ಚೀಲ ಹೊತ್ತು ಬಸ್ಸಿಗೆ ಹೊರಟಳು. ಗಾಳಿ ಕೂಗ್ತಿತ್ತು.

ಹಿಮದ ಮೇಲೆ ಹೊಸ ಹೆಜ್ಜೆ. ಚಿಕ್ಕ ಪಾದ. ಅವಳು ನೋಡ್ತಿದ್ದ ಹಾಗೇ ಮುಂದೊಂದು ಮೂಡ್ತು... ಅದರ ಮುಂದೆ ಇನ್ನೊಂದು...

ಮೈಯೆಲ್ಲ ಮುಳ್ಳೆದ್ದಿತು. ಆದ್ರೂ ಕಾಲು ಆ ಹೆಜ್ಜೆಗಳ ಹಿಂದೆಯೇ ಹೋಯ್ತು. ಬಸ್ ಸ್ಟಾಪ್ ದಾಟಿ, ಬಂದರು ದಾಟಿ, ಅಲೆ ತಡೆಯೋ ಕಲ್ಲುಗೋಡೆಯ ತುದಿಗೆ!

"ಏಯ್! ನಿಲ್ಲು! ಅಲ್ಲಿಗೆ ಹೋಗಬೇಡ!"

ಎಂಜಿನ್ ಶೆಡ್ಡಿನಿಂದ ಬ್ರಿನ್ಯಾರ್ ಓಡಿ ಬರ್ತಿದ್ದ.

"ಅವಳು ಇಲ್ಲಿಗೇ ಕರ್ಕೊಂಡು ಬಂದ್ಲು!" ಉನ್ನುರ್ ಗಾಳಿಗೆ ಕೂಗಿದಳು. "ಕನಸಲ್ಲಿ ಬರೋಳು! ಕಿತ್ತಳೆ ಕೋಟು ಹಾಕಿರೋಳು!"

ಅವನು ನಿಂತುಬಿಟ್ಟ. "ಕೋಟಿನ ತೋಳು... ತೋಳು ಹೇಗಿತ್ತು?"

"ಹರಿದಿತ್ತು. ಹಸಿರು ದಾರದಲ್ಲಿ ಹೊಲಿದಿತ್ತು."

"ಬಲೆ ಹೆಣೆಯೋ ದಾರ ಅದು..." ಅವನು ಅಲ್ಲೇ ಮೊಣಕಾಲೂರಿದ. "ಅಮ್ಮ ಹೊಲಿದಿದ್ದು. ನನ್ನ ಅಕ್ಕ ಅವಳು. ಇದೇ ಕಲ್ಲಿಂದ ಅಲೆ ಎಳ್ಕೊಂಡು ಹೋಯ್ತು. ನಾನು ಇಲ್ಲೇ ನಿಂತಿದ್ದೆ, ಪುಟ್ಟ ಹುಡುಗ. ಈಜು ಬರ್ತಿರಲಿಲ್ಲ ನಂಗೆ. ಅವಳ ಹೆಸರು ಕೂಗ್ತಾನೇ ಇದ್ದೆ, ಕೂಗಿದಷ್ಟೂ ಅಲೆ ದೊಡ್ಡದಾಗ್ತಾನೇ ಇತ್ತು!"

"ಅವಳ ಹೆಸರು..."

"ಅಲೆ ಅಂತ ಅರ್ಥ ಇರೋ ಹೆಸರು ಕೂಗಿದ್ರೆ ಅಲೆ ಬರದೇ ಇನ್ನೇನು ಬರುತ್ತೆ ಅಂದ್ಲು ಅಮ್ಮ. ಅವತ್ತಿಂದ ಮನೇಲಿ ಆ ಹೆಸರಿಲ್ಲ. ಸಮಾಧಿ ಕಲ್ಲಿನ ಮೇಲೂ ಇಲ್ಲ. ನಮ್ಮಮ್ಮನ ಸಂಕಟ ನೋಡಿ ಊರೂ ಆ ಹೆಸರು ಕರೆಯೋದು ಬಿಟ್ಟುಬಿಡ್ತು. ನೀನು ಬಂದು ನಗ್ತಾ ಕೈ ಚಾಚಿ ಅದೇ ಹೆಸರು ಹೇಳಿದೆ! ನಾನು ಕರೆದ್ರೆ ಸಮುದ್ರ ನಿನ್ನೂ..."

ಅವನು ಎರಡೂ ಕೈಯಲ್ಲಿ ಮುಖ ಮುಚ್ಕೊಂಡ.

ಉನ್ನುರ್‌ಗೆ ಥಟ್ಟನೆ ಹೊಳೀತು. ನೀರಿನ ಸದ್ದಲ್ಲಿ ಮುಳುಗಿದ ಆ ಅರ್ಧ ಮಾತು!

"ಬ್ರಿನ್ಯಾರ್, ಅವಳು ಮಗೂಗೆ ಹೆಸರಿಡಿ ಅನ್ನೋಕೆ ಬಂದಿಲ್ಲ ಕಣೋ. 'ನನ್ನ ಹೆಸರು ಕರೀರಿ' ಅಂತಿದಾಳೆ! ಮನೆಯವರೇ ಕರೀದಿದ್ರೆ ಪಾಪ, ಯಾವ ದಾರಿ ಹಿಡಿದು ಹೋಗ್ತಾಳೆ ಅವಳು?"

ಅವಳ ಬೆನ್ನ ಹಿಂದೆ ಸಮುದ್ರ ಎದ್ದು ನಿಂತಿತು. ಕಪ್ಪು ಗೋಡೆ! ಅವಳ ಕಾಲು ಪಾಚಿಗಲ್ಲಿನ ಮೇಲೆ ಜಾರಿತು!

"ಉನ್ನುರ್!!!"

ಇಷ್ಟು ವರ್ಷ ಗಂಟಲಲ್ಲಿ ಹೂತಿಟ್ಟಿದ್ದ ಹೆಸರು ಹೊರಗೆ ಚಿಮ್ಮಿತು.

"ಹಾಂ!" ಅಂದಳು ಕಲ್ಲು ಹಿಡ್ಕೊಂಡಿದ್ದ ಉನ್ನುರ್.

"ಹಾಂ..." ಅಂತು ಅವಳ ಹಿಂದಿನಿಂದ, ನೀರೊಳಗಿಂದ, ಇನ್ನೊಂದು ದನಿ.

ಅಲೆ ಅಲ್ಲೇ ಮುರಿದುಬಿತ್ತು. ಒಂದು ಹನಿಯೂ ಅವರನ್ನ ಮುಟ್ಟಲಿಲ್ಲ.

ಬ್ರಿನ್ಯಾರ್ ಅವಳನ್ನ ಬಾಚಿ ಎದೆಗೆ ಒತ್ಕೊಂಡ.  ದೂರದಲ್ಲಿ ಬಸ್ಸು ಹಾರ್ನ್ ಹೊಡೆದು ಹೊರಟುಹೋಯ್ತು.

"ನೀನೂ... ನೀನೂ ಕೇಳಿಸ್ಕೊಂಡ್ಯಾ?"

"ಹ್ಞೂಂ. ಅಕ್ಕನ ದನಿ..." ಅವನು ಮಗುವಿನ ಥರ ಅತ್ತ. "ಅಮ್ಮಂಗೆ ಹೇಳ್ತೀನಿ. ಕಲ್ಲಿನ ಮೇಲೆ ಹೆಸರು ಕೆತ್ತಿಸ್ತೀನಿ."

ಹಿಮದ ಮೇಲೆ ಚಿಕ್ಕ ಪಾದಗಳು ನೀರಿನ ಕಡೆಗೆ ಹೋಗಿದ್ವು. ವಾಪಸ್ ಬಂದಿರಲಿಲ್ಲ.

"ನನ್ನ ಹೆಸರೂ ಅಲೆನೇ ಅಲ್ವಾ..." ಅವಳು ಅವನ ಕೋಟಿನೊಳಗೇ ಗೊಣಗಿದಳು. "ಭಯ ಆಗಲ್ವಾ ನಿಂಗೆ?"

"ಆ ಹೆಸರಿಗೆ ಇನ್ನೊಂದು ಅರ್ಥಾನೂ ಇದೆ ಅಂತ ಅಕ್ಕ ಜಗಳ ಆಡ್ತಿದ್ಲು. ನಾನು ಬರೀ ಅಲೆ ಅಲ್ಲ ಕಣೋ, 'ಉನ್ನಾ' ಅಂದ್ರೆ ಪ್ರೀತಿಸು ಅಂತ, ನನ್ನ ಹೆಸರು ಅದರಿಂದಾನೇ ಬಂದಿದ್ದು ಅನ್ನೋಳು. ನಾನು ಆಗ ನಗ್ತಿದ್ದೆ."

"ಈಗ?"

"ಈಗ ಅವಳು ಹೇಳಿದ್ದೇ ಸರಿ ಅನ್ಸುತ್ತೆ." ಅವನು ಕಣ್ಣೀರಿಂದ ಒದ್ದೆಯಾಗಿದ್ದ ಅವಳ ಮುಖವನ್ನ ಎರಡೂ ಕೈಯಲ್ಲಿ ಹಿಡಿದ. "ನಿನ್ನನ್ನ ಪ್ರೀತಿಸ್ತೀನಿ. ಸೋಪು ಕೇಳಿದ ದಿನದಿಂದ!"

"ಹಾಗಿದ್ರೆ ಇನ್ನೊಂದು ಸಲ ಕರಿ."

ಅವನು ಸಮುದ್ರದ ಕಡೆ ನೋಡಿದ. ಉಸಿರು ಬಿಗಿಹಿಡಿದ. ಮೆಲ್ಲಗೆ ಕರೆದ.

"ಉನ್ನುರ್..."

ಇಬ್ಬರೂ ಕಿವಿಗೊಟ್ಟು ಕಾದರು.

"ಹಾಂ," ಅಂದಳು ಅವಳು, ಅಳ್ತಾ, ನಗ್ತಾ.

ಈ ಸಲ ಓಗೊಟ್ಟಿದ್ದು ಒಬ್ಬಳೇ.