ಹರಾಜಿನ ಮನೆಯ ಹುಲಿ

ಅಂದು ಮಾಘ ಶುದ್ಧ ದಶಮಿ. ಬೆಳಗಿನಿಂದ ಒಣಗಾಳಿ; ಮೋಡವಿಲ್ಲ. ಪ್ರಾಣಿಗಳು ಇನ್ನೂ ಮಾತಾಡುತ್ತಿದ್ದ ಕಾಲ. ಏಳುಕೋಟೆಯೆಂಬ ರಾಜ್ಯದಲ್ಲಿ ಗಂಟೆ ಎರಕ ಹೊಯ್ಯುವ ಬೊಪ್ಪಯ್ಯನು ತುಂಬು ಬಸುರಿ ಹೆಂಡತಿ ಪುಟ್ಟಬ್ಬೆಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊಸ ಮನೆಯ ಮುಂದೆ ಬಂದು ನಿಂತ.

ಆ ಮನೆ ಒಬ್ಬ ಮಾಟಗಾರನದು. ಅರಮನೆಗೆ ಅಡವಿಟ್ಟವನು ಬಿಡಿಸಿಕೊಳ್ಳದೆ ಮರೆಯಾಗಿದ್ದ. ರಾಜ ಹರಾಜು ಹಾಕಿದ. ಬೊಪ್ಪಯ್ಯ ಇದ್ದದ್ದನ್ನೆಲ್ಲ ಮಾರಿ ಕೊಂಡ. ಹುಣ್ಣಿಮೆಯೊಳಗೆ ಕೊಂಡವನ ಒಲೆ ಹತ್ತದಿದ್ದರೆ ಮನೆಯೂ ಹಣವೂ ಅರಮನೆಗೆ. ಕಟ್ಟಳೆ ಹಾಗಿತ್ತು.

ನಡುಮನೆಯಲ್ಲಿ ಒಂದು ಹುಲಿ ಮಲಗಿತ್ತು.

ಬೊಪ್ಪಯ್ಯ ಹೊಸ್ತಿಲಾಚೆ ನಿಂತು ಮನೆ ತನ್ನದೆಂಬ ರಾಜಮುದ್ರೆಯ ಓಲೆ ಓದಿದ.

"ದನಿ ಚೆನ್ನಾಗಿದೆ," ಎಂದಿತು ಹುಲಿ. "ಇನ್ನೊಮ್ಮೆ ಓದು, ನಿದ್ದೆ ಬರುತ್ತದೆ."

ಬಾಗಿಲ ಹಿತ್ತಾಳೆ ಅಗುಳಿ ನಕ್ಕ ಹಾಗೆ ಗಲಗಲ ಅಲುಗಿತು.

ದ್ವಾದಶಿಯಂದು ಮೆಣಸಿನಕಾಯಿ ಹೊಗೆ ಹಾಕಿದ. ಹುಲಿ ಒಮ್ಮೆ ಸೀನಿತು. ಅರ್ಧ ಹೆಂಚು ಹಾರಿಹೋಯಿತು. "ನಿನ್ನ ಮನೆ ಕಣಪ್ಪ, ನನಗೇನು?" ಅಗುಳಿ ಮತ್ತೆ ಅಲುಗಿತು.

ಬೊಪ್ಪಯ್ಯ ಗಾಡಿಯ ಸುತ್ತ ಸುತ್ತತೊಡಗಿದ. "ಒಂದು ಕಡೆ ಕೂತುಕೊಳ್ಳಿ," ಎಂದಳು ಪುಟ್ಟಬ್ಬೆ. "ನಿಮ್ಮನ್ನು ನೋಡಿ ಎತ್ತುಗಳೂ ಮೇವು ಬಿಟ್ಟಿವೆ."

ಚತುರ್ದಶಿಯಂದು ಸೊಂಟದ ಬೆಳ್ಳಿ ಉಡಿದಾರ ಬಿಚ್ಚಿ ಹುಲಿಯ ಮುಂದಿಟ್ಟ. "ಉಳಿದಿರುವುದು ಇದೊಂದೇ. ತಗೊಂಡು ಹೊರಡು."

ಈ ಸಲ ಹುಲಿ ಗೇಲಿ ಮಾಡಲಿಲ್ಲ. "ಹೊರಡುವುದು ಎಲ್ಲಿಗೆ? ನಾನು ಆ ಮಾಟಗಾರನ ಹೆಂಡತಿ. ಮನೆ ಕಾಯಲೆಂದು ಹುಲಿ ಮಾಡಿದ. ಓಡಿಹೋಗಬಾರದೆಂದು ನನ್ನ ತವರೂರನ್ನೇ ಸುಟ್ಟ. ತವರಿಲ್ಲದವಳು ಈ ಹೊಸ್ತಿಲು ದಾಟಲಾರಳು. ಅದೇ ಅವನ ಮಂತ್ರ. ಅವನೂ ಇಲ್ಲೇ ಇದ್ದಾನೆ. ಸಾಲಕ್ಕೆ ಹೆದರಿ ಅಡಗಿ ಕೂತ ಆ ಅಗುಳಿಯೇ ಅವನು."

ಹುಣ್ಣಿಮೆಯ ಬೆಳಗ್ಗೆ ಪುಟ್ಟಬ್ಬೆ ಗಾಡಿಯಿಂದ ಇಳಿದಳು. ಕೈಯಲ್ಲಿ ತಾಯಿ ಕೊಟ್ಟ ಮಡಿಲಕ್ಕಿಯ ಗಂಟು. ಹೊಸ ಒಲೆಗೆಂದು ಇಟ್ಟುಕೊಂಡಿದ್ದ ಅಕ್ಕಿ ಅದೊಂದೇ, ಮೂರು ಹಿಡಿ.

"ಅದನ್ನೂ ಕೊಟ್ಟರೆ ಒಲೆಯ ಮೇಲೆ ಏನಿಡುತ್ತೀಯೆ?" ಎಂದ ಬೊಪ್ಪಯ್ಯ.

"ಸುಮ್ಮನಿರಿ. ನೀವು ಮೂರು ಸಲ ಮಾತಾಡಿದ್ದಾಯಿತು."

ಅವಳು ನೇರ ಒಳಗೆ ಹೋದಳು. "ಅಕ್ಕ, ಇವತ್ತಿನಿಂದ ಇದೇ ನಿನ್ನ ತವರು. ಇವರು ನಿನ್ನ ತಮ್ಮ. ಸೆರಗು ಒಡ್ಡು."

"ಹುಲಿಗೆ ಸೆರಗೆಲ್ಲಿಯದೇ, ಹುಚ್ಚಿ?"

ಪುಟ್ಟಬ್ಬೆ ತನ್ನ ಸೆರಗನ್ನೇ ಹರಿದು ಅದರ ಮುಂಗಾಲುಗಳ ಮೇಲೆ ಹಾಸಿದಳು. ಒಂದು ಹಿಡಿ ಅಕ್ಕಿ ಹಾಕಿದಳು, ಉಗುರುಗಳು ಉದುರಿದವು. ಎರಡನೆಯ ಹಿಡಿಗೆ ಪಟ್ಟೆಯ ತೊಗಲು ಪಟ್ಟೆಯ ಸೀರೆಯಾಯಿತು. ಮೂರನೆಯ ಹಿಡಿಗೆ ಅಲ್ಲಿ ನರೆಗೂದಲಿನ ಹೆಂಗಸೊಬ್ಬಳು ಕೂತಿದ್ದಳು.

"ಏಳಬೇಡ ಕಣೇ!" ಎಂದು ಅಗುಳಿ ಕಿರುಚಿತು.

ಅವಳು ಎದ್ದಳು. ತವರಿನಿಂದ ಹೊರಡುವ ಹೆಣ್ಣುಮಕ್ಕಳು ಮಾಡುವಂತೆ ಮಡಿಲಿನ ಒಂದು ಹಿಡಿ ಅಕ್ಕಿಯನ್ನು ಮನೆಗೇ ಬಿಟ್ಟು ಹೊಸ್ತಿಲು ದಾಟಿದಳು. ಅಗುಳಿ ಪುಡಿಪುಡಿಯಾಗಿ ಉದುರಿತು.

ಆ ಒಂದು ಹಿಡಿ ಅಕ್ಕಿಯನ್ನು ಬೇಯಿಸಲು ಅಂದೇ ಒಲೆ ಹತ್ತಿತು.

ಹೆರಿಗೆಯ ಹೊತ್ತಿಗೆ ಅಕ್ಕ ತಾನಾಗಿ ಬಂದಳು, ಬಾಣಂತನ ಮಾಡಿದಳು. ಗಂಟೆಗಳು ಊರೂರಿಗೆ ಹೋದವು. ಎಲ್ಲರೂ ನಗುತ್ತ ಬಾಳಿದರು. ರಾಜನೊಬ್ಬನಿಗೇ ನೆಮ್ಮದಿಯಿಲ್ಲ, ಒಂದು ದಿನ ತಾನೇ ಬಂದು ಬೊಪ್ಪಯ್ಯನನ್ನು ಕೇಳಿದ. "ಹರಾಜಿಗೆ ಮೊದಲು ನನ್ನ ನಲವತ್ತು ಸೈನಿಕರಿಗೇ ಜಗ್ಗದ ಹುಲಿ ಅದು. ನೀನು ಕೊಟ್ಟದ್ದೇನು?"

"ಮೂರು ಹಿಡಿ ಅಕ್ಕಿ, ಸ್ವಾಮಿ. ಅದರಲ್ಲೂ ಒಂದು ಹಿಡಿ ವಾಪಸು ಬಂತು."

"ಅಷ್ಟೇಯೇ?"

ಬೊಪ್ಪಯ್ಯ ಬಾಗಿಲ ಕಡೆ ತೋರಿಸಿದ. "ಅಕ್ಕ ಯಾವ ಹೊತ್ತಿನಲ್ಲಿ ಬರುತ್ತಾಳೋ ಹೇಳಲಾಗದು. ಮತ್ತೆ ಅಗುಳಿ ಹಾಕಿಸಿಲ್ಲ."